ಕೂಡಿಕೆಯ ದೊರೆಸಾನಿ

ಹರಿಹರದ ಆ ಮನೆಯನ್ನು ಜನ ಈಗಲೂ ಅರಮನೆ ಅಂತಲೇ ಕರೆಯುತ್ತಾರೆ. ಪಾಳೇಗಾರರ ಕಾಲದ್ದರಲ್ಲಿ ಉಳಿದಿರುವುದು ಮೂರು ಕೋಣೆ, ಒಂದು ಪಡಸಾಲೆ, ಒಂದು ಕತ್ತಿ. ನನ್ನ ಚಿಕ್ಕಮ್ಮ ಆ ಮನೆ ಸೇರಿ ಇಪ್ಪತ್ನಾಲ್ಕು ವರ್ಷವಾಯಿತು. ಹಾಲಿನವನಿಂದ ಹಿಡಿದು ಆಟೋದವರವರೆಗೆ ಎಲ್ಲರ ಬಾಯಲ್ಲೂ ಅವಳು ದೊರೆಸಾನಿ. ಹೊಸ್ತಿಲ ಒಳಗೆ ಮಾತ್ರ ಅಲ್ಲ.

ಅವಳ ಮೊದಲ ಗಂಡ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಕೆಲಸಗಾರ. ಮೂರೇ ವರ್ಷದ ಸಂಸಾರ, ಜ್ವರ ಬಂದು ಹೋಗಿಬಿಟ್ಟರು. ಆಮೇಲೆ, ಹೆಂಡತಿ ತೀರಿಕೊಂಡಿದ್ದ ಈ ಅರಮನೆಯ ಚಿಕ್ಕಪ್ಪ ಕೇಳಿಕೊಂಡು ಬಂದರು. ಗಂಡ ಸತ್ತವಳು ಮತ್ತೆ ಮದುವೆಯಾದರೆ ನಮ್ಮ ಕಡೆ ಅದಕ್ಕೆ ಮದುವೆ ಅನ್ನುವುದಿಲ್ಲ, ಕೂಡಿಕೆ ಅನ್ನುತ್ತಾರೆ. ಅದೇ ದಿನ, ಅದೇ ಹಾರ ಹಾಕಿಸಿಕೊಂಡ ಗಂಡಸಿಗೆ ಯಾವ ಕಳಂಕವೂ ಇಲ್ಲ. ಇದ್ಯಾವ ನ್ಯಾಯವೋ ನನಗಂತೂ ಇವತ್ತಿಗೂ ತಲೆಗೆ ಹತ್ತಿಲ್ಲ.

ಆಯುಧಪೂಜೆ ಹತ್ತಿರ ಬಂದರೆ ಆ ಕತ್ತಿಗೆ ಬೂದಿ ಹಚ್ಚಿ ತಿಕ್ಕಿ ತೊಳೆಯುವವಳು ಅವಳೇ. ಪೂಜೆಯ ದಿನ ಆರತಿ ಎತ್ತುವುದು ಬೇರೆ ಸೊಸೆಯಂದಿರು. ಕೂಡಿಕೆಯವಳಿಗೆ ಅಡುಗೆಮನೆ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಹೋದ ವರ್ಷ ಹಬ್ಬಕ್ಕೆ ಮೂರು ದಿನ ಮುಂಚೆ ಚಿಕ್ಕಮ್ಮನ ಮೈದುನ ಒಂದು ಹಾಳೆ ಹಿಡಿದು ಬಂದರು. ಪಡಸಾಲೆಯಲ್ಲಿ ತೂಗುಹಾಕಲು ಅರಮನೆಯ ವಂಶಾವಳಿ ಟೈಪ್ ಮಾಡಿಕೊಡಬೇಕಿತ್ತು. ಚಿಕ್ಕಪ್ಪನ ಹೆಸರಿನ ಪಕ್ಕ ತೀರಿಕೊಂಡ ಹೆಂಡತಿಯ ಹೆಸರೊಂದೇ ಇತ್ತು.

“ಚಿಕ್ಕಮ್ಮನ ಹೆಸ್ರು ಬಿಟ್ಟೀರಲ್ರಿ?”

“ಅದು ಕೂಡಿಕೆ ಅಲ್ಲೇನಮ್ಮ? ಬರಂಗಿಲ್ಲ.”

ಮೈಯೆಲ್ಲ ಉರಿದುಹೋಯಿತು. ಅವರು ಹೋದದ್ದೇ ತಡ, ಶಟರ್ ಎಳೆದು ಹರಿಹರದ ಬಸ್ಸು ಹತ್ತಿದೆ. ಚಿಕ್ಕಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಕೇಳಿದರೆ, “ಮನೆತನದ ವಿಷಯ,” ಅಂದು ಪುಟ ತಿರುವಿದರು. ಚಿಕ್ಕಮ್ಮ ಹಿತ್ತಿಲಲ್ಲಿ ಕತ್ತಿ ತಿಕ್ಕುತ್ತಾ ಕೂತಿದ್ದಳು.

“ನಿನ್ನ ಹೆಸ್ರು ನಾನು ಹಾಕೇ ಹಾಕ್ತೀನಿ. ಅದೇನ್ ಮಾಡ್ಕಂತಾರೋ ಮಾಡ್ಕಳ್ಳಿ,” ಅಂದೆ.

ಅವಳು ಪಕ್ಕದಲ್ಲಿದ್ದ ಸ್ಟೀಲ್ ಕೊಡವನ್ನು ನನ್ನ ಕಡೆ ತಿರುಗಿಸಿದಳು. ಕಂಠದ ಕೆಳಗೆ ಸಣ್ಣ ಚುಕ್ಕಿಗಳಲ್ಲಿ ಎರಡು ಹೆಸರು ಕೊರೆದಿತ್ತು. ಒಂದು ಮಿಲ್ಲಿನ ಚಿಕ್ಕಪ್ಪನದು, ಇನ್ನೊಂದು ಅವಳದು. ಮದುವೆಯಾದ ಹೊಸದರಲ್ಲಿ ಅವರೇ ಪಾತ್ರೆ ಅಂಗಡಿಯಲ್ಲಿ ನಿಂತು ಹಾಕಿಸಿದ್ದಂತೆ.

“ಈ ಮನ್ಯಾಗ ನನ್ನ ಹೆಸ್ರು ಇರದು ಇದೊಂದ್ರ ಮ್ಯಾಲೆ. ನೀನು ಹಾಕದಾದ್ರೆ ಅವ್ರದೂ ಹಾಕು. ಅವ್ರನ್ನ ಬಿಟ್ಟು ನಂದೊಂದೇ ಬ್ಯಾಡ.”

ಹಾಗೇ ಹಾಕಿದೆ. ಚಿಕ್ಕಪ್ಪನ ಪಕ್ಕ ಅವಳ ಹೆಸರು, ಅವಳ ಪಕ್ಕ ಮಿಲ್ಲಿನ ಚಿಕ್ಕಪ್ಪನ ಹೆಸರು. ಮೈದುನ ಅದನ್ನು ನೋಡಿ ಮಡಚಿಕೊಂಡು ಹೋದರು. ಬೇರೆ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದರಂತೆ.

ಈಗ ಅದು ಪಡಸಾಲೆಯ ಗೋಡೆ ಮೇಲೆ ಗಾಜಿನ ಕಟ್ಟಿನೊಳಗಿದೆ. ಚಿಕ್ಕಮ್ಮನ ಹೆಸರಿಲ್ಲ. ಹೋದ ವಾರ ಹೋದಾಗ ಅವಳು ಸ್ಟೂಲ್ ಹತ್ತಿ ಆ ಗಾಜನ್ನೇ ಒರೆಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅದನ್ಯಾಕೆ ಒರೆಸುತ್ತೀಯ ಅಂತ ರೇಗಿದೆ.

“ಧೂಳು ಕೂತೈತಲ್ಲೇ,” ಅಂದಳು.