ವಿಭೂತಿ ಬೆರಳು, ಲೆನ್ಸಿನ ಕಣ್ಣು

ಶಾಲೆಯಲ್ಲಿ ‘ಸೋಡಾಬುಡ್ಡಿ’ ಎಂದು ಕರೆಸಿಕೊಂಡವಳು ನಾನು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿದ್ದೇ ತಡ, ಕನ್ನಡಕ ಪೆಟ್ಟಿಗೆ ಸೇರಿತು, ಕಣ್ಣಿಗೆ ಲೆನ್ಸ್ ಬಂತು. ಖಾನಾಪುರದ ಮನೆಯಲ್ಲಿ ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ, ಆಮೇಲೆ ಲೆನ್ಸ್, ಆಮೇಲೆ ರೈಲು. ಸೋಪಿನಿಂದ ಕೈ ತೊಳೆದೇ ಲೆನ್ಸ್ ಮುಟ್ಟಬೇಕೆಂದು ಅಂಗಡಿಯವರು ಹೇಳಿದ್ದರು. ಆದರೆ ಪೂಜೆ ಮಾಡಿದ ಕೈಯನ್ನು ಯಾರಾದರೂ ಕೂಡಲೇ ತೊಳೆಯುತ್ತಾರೆಯೇ? ಅದಕ್ಕಿಂತ ಶುದ್ಧವಾದ ಕೈ ನನಗೆ ಗೊತ್ತಿರಲಿಲ್ಲ.

ಒಂದು ದಿನ ರೈಲು ದೇಸೂರ ದಾಟುವಷ್ಟರಲ್ಲಿ ಬಲಗಣ್ಣು ಚುಚ್ಚತೊಡಗಿತು. ಧೂಳು ಬಿದ್ದಿರಬೇಕು ಅಂದಳು ಅವ್ವ, ಸಂಜೆ ಮನೆಗೆ ಬಂದಾಗ. ಮೂರು ದಿನ ಲೆನ್ಸ್ ಹಾಕಿಕೊಂಡೇ ಪಾಠ ಮಾಡಿದೆ, ಹಟಕ್ಕೇನೂ ಕಡಿಮೆಯಿಲ್ಲ. ನಾಲ್ಕನೆಯ ದಿನ ನಾನೇ ಎಳೆದ ಗೆರೆ ಮಂಜಾಯಿತು. ಕಣ್ಣು ಹೋದರೆ ನನಗೆ ಬೇರೆ ಯಾವ ಕೆಲಸ ಬರುತ್ತದೆ?

ಶಿವಬಸವ ನಗರದ ಕಣ್ಣಿನ ಡಾಕ್ಟರು ಹಿರಿಯ ಹೆಣ್ಣುಮಗಳು. ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿದರು. ಹೆದರಿಕೆಯಲ್ಲೂ ನನ್ನ ಕುತೂಹಲ ಸುಮ್ಮನಿರಲಿಲ್ಲ. ನನಗೂ ತೋರಿಸಿರಿ ಎಂದೆ. ಪರದೆಯ ಮೇಲೆ ನನ್ನದೇ ಕಣ್ಣು, ಅದರಲ್ಲಿ ಆ ಬಣ್ಣ ಹೀರಿ ಹಸಿರಾಗಿ ಹೊಳೆಯುವ, ಜೋಳದ ನುಚ್ಚಿನಷ್ಟು ಹುಣ್ಣು.

“ಕಣ್ಣಿನ ಮುಂದಿನ ಈ ಪದರಕ್ಕ ಕಾರ್ನಿಯಾ ಅಂತಾರವಾ. ಇದರಾಗ ರಕ್ತನಾಳ ಇಲ್ಲ, ಗಾಳಿಯಿಂದನ ಉಸಿರಾಡತೈತಿ. ದಿನಾ ತಾಸುಗಟ್ಟಲೆ ಲೆನ್ಸ್ ಮುಚ್ಚಿಟ್ರ ಸೊರಗತೈತಿ. ಗೀರು ಬಿದ್ರ ಕ್ರಿಮಿ ಒಳಗ ಹೋಗತಾವ.”

ಕಣ್ಣು ಉಸಿರಾಡುತ್ತದೆ! ಸಾವಿರ ಕಣ್ಣು ಬರೆದ ನನಗೆ ಇದು ಗೊತ್ತೇ ಇರಲಿಲ್ಲ.

“ಲೆನ್ಸ್ ಹಾಕೂ ಮೊದಲ ಕೈ ತೊಳಕೊಂತೀಯೇನು?”

“ಪೂಜಿ ಮಾಡಿದ ಕೈ ಐತ್ರಿ.”

ಅವರ ಹಣೆಯ ಮೇಲೂ ವಿಭೂತಿ ಇತ್ತು. ನಕ್ಕರು. “ನಾನೂ ಪೂಜಿ ಮಾಡೇ ಬಂದೀನಿ. ಆದ್ರ ನಿನ್ನ ಕಣ್ಣು ಮುಟ್ಟೂದಕಿಂತ ಮೊದಲ ಸೋಪು ಹಚ್ಚಿ ತೊಳಕೊಂಡೆ. ಹಣಿಗೆ ನುಣ್ಣಗ ಅನಸೂ ವಿಭೂತಿ ಕಾರ್ನಿಯಾಕ್ಕ ಉಸುಕು ಇದ್ದಂಗ.” ನಾಚಿಕೆಯಿಂದ ತಲೆ ತಗ್ಗಿಸಿದೆ.

ತಾಸಿಗೊಮ್ಮೆ ಹನಿ, ವಾರಗಟ್ಟಲೆ. ಹುಣ್ಣು ಮಾಯಿತು, ಬಿಳಿ ಕಲೆ ಉಳಿಯಿತು, ಅದೂ ಸರಿಯಾಗಿ ಕಣ್ಣಿನ ನಡುವೆ, ನೋಟಕ್ಕೆ ಅಡ್ಡವಾಗಿ. ಆ ಕಣ್ಣಿಗೆ ಎಷ್ಟು ಕಾಣುತ್ತದೆ ನೋಡೋಣವೆಂದು ಒಂದು ಸಂಜೆ ಹಳೆಯ ಕನ್ನಡಕ ಹಾಕಿ, ಎಡಗಣ್ಣು ಮುಚ್ಚಿಕೊಂಡು ಅವ್ವನ ಮುಖ ಬರೆಯಲು ಕೂತೆ. ಮೂಗು, ಬಾಯಿ, ಸೆರಗು ಎಲ್ಲ ಬಂದವು. ಹಣೆಯ ಸುಕ್ಕು ಒಂದೂ ಬರಲಿಲ್ಲ.

“ಭಾಳ ಚಂದ ಬರದಿ, ನನ್ನ ವಯಸ್ಸ ಇಳಿಸೀದಿ ನೋಡು,” ಅಂದಳು ಅವ್ವ. ನಗುತ್ತಿದ್ದಾಳೆ ಅಂದುಕೊಂಡು ನಾನೂ ನಕ್ಕೆ. ಎಡಗಣ್ಣು ತೆರೆದಾಗ ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು.