ಸೆಲೆಸ್ತೀನಮ್ಮನ ಕೈ ದಾಟಿದ ಮೀನು

ಆಂಬ್ರೋಸ್ ಮರ್ಕ್ರೆದಿ ಒಂದ್ಸಲ ಕೆರೆಯ ಇಕ್ಕಟ್ಟಲ್ಲಿ, ಅಂದ್ರೆ ಎರಡೂ ದಡ ಹತ್ರ ಬರೋ ಜಾಗದಲ್ಲಿ, ಎಂಥಾ ಟ್ರೌಟ್ ಮೀನು ಎಳ್ದ ಅಂದ್ರೆ, ಅದು ಹೊರಗೆ ಬಂದಿದ್ದೇ ತಡ ಕೆರೆ ಒಂದು ಗೇಣು ಇಳಿದು, ಆಚೆ ದಡದಲ್ಲಿದ್ದ ಷಡ್ಡಕನ ದೋಣಿ ಕೆಸರಲ್ಲಿ ಕೂತ್ಬಿಡ್ತಂತೆ. ಷಡ್ಡಕನೇ ಇದಕ್ಕೆ ಸಾಕ್ಷಿ. ಸುಳ್ಳಿಗೂ ನೆಂಟರು ಬೇಕು ನೋಡಿ.

ಅವನ ಮುಂದಾಳು ನಾಯಿ ಹೆಸರು ಬಿಷಪ್ಪ. ಜಪಮಾಲೆ ಹೇಳಿದ್ರೆ ಮಾತ್ರ ಹಿಮಗಾಡಿ ಎಳೀತಿತ್ತು, ಭಾನುವಾರ ಪೂಜೆ ಮುಗಿಯೋವರೆಗೂ ಏಳ್ತಿರ್ಲಿಲ್ಲ. ಇದಂತೂ ನಿಜ. ಆಗಿನ ನಾಯಿಗಳಿಗೆ ಈಗಿನ ಮನುಷ್ಯರಿಗಿಂತ ಭಕ್ತಿ ಇತ್ತು.

ಬಾಯಿ ಆಂಬ್ರೋಸನದು, ಬಲೆ ಮಾತ್ರ ಹೆಂಡ್ತಿ ಆಲ್ಫೊನ್ಸೀನಳದು. ಇಕ್ಕಟ್ಟಲ್ಲಿ ಎಲ್ಲಿ ಬಿಟ್ರೆ ಬೀಳುತ್ತೆ ಅಂತ ಅವಳಿಗೇ ಗೊತ್ತಿದ್ದಿದ್ದು, ಇವನು ಹುಟ್ಟು ಹಾಕ್ಕೊಂಡು ಕತೆ ಹೇಳೋನು. ಅವಳು ತೀರ್ಕೊಂಡ ಮೇಲೂ ಅಲ್ಲೇ ಬಲೆ ಬಿಡ್ತಿದ್ದ, ಭಾರಕ್ಕೆ ಅವಳು ಕಟ್ತಿದ್ದ ಚಪ್ಪಟೆ ಕಲ್ಲನ್ನೇ ಕಟ್ಟಿ. ಹೊಸ ಸೀಸದ ಗುಂಡು ತಂದುಕೊಟ್ರೆ, "ಈ ಕಲ್ಲಿಗೆ ದಾರಿ ಗೊತ್ತು" ಅನ್ನೋನು.

ಅಂಥಾ ಇಕ್ಕಟ್ಟಿಗೇ ಯುರೇನಿಯಂ ಗಣಿಯವರು ಕೊಳವೆ ತರ್ತೀವಿ ಅಂದ್ರು. ಅದಿರು ತೊಳೆದ ನೀರನ್ನ ಸೋಸಿ ಬಿಡ್ತಾರಂತೆ. ಮಗೂಗೂ ಕುಡಿಸಬಹುದು ಅಂತ ಅವರ ಕಾಗದ. ಅಣು ಉಸ್ತುವಾರಿ ಮಂಡಳಿಯವರು ನಮ್ಮೂರ ಶಾಲೇಲೇ ವಿಚಾರಣೆ ಇಟ್ಟರು. ಮುಂಚೆ ಇಂಥಾ ಕಡೆ ನಾವು ಡೆನೆ ಜನ, ಈ ಹಿಮನಾಡಿನ ಮೂಲನಿವಾಸಿಗಳು, ಟೋಪಿ ಕೈಲಿ ಹಿಡ್ಕೊಂಡು, ಚಹಾ ಕುಡ್ದು, ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿ ಬರ್ತಿದ್ವಿ. ಈ ಸಲ ಮಂಡಳಿಯೇ ಊರಿಗೆ ದುಡ್ಡು ಕೊಡ್ತು. ನಮ್ಮ ಮಾತು ತಿಳಿಸೋಕೆ ದುಭಾಷಿ, ನಾವು ಆರಿಸಿದ ಪ್ರಯೋಗಾಲಯದಲ್ಲಿ ನಮ್ಮ ಮೀನಿನ ಪರೀಕ್ಷೆ, ಎಲ್ಲಾ ಅದ್ರಲ್ಲೇ.

ಊರಿನ ಮುಖ್ಯಸ್ಥೆ ರೋಸಲೀ ಬಂದು, "ಆಂಬ್ರೋಸಣ್ಣ, ವಿಚಾರಣೇಲಿ ನೀನು ಮಾತಾಡೋದು ಬೇಡ, ಮೀನೇ ಮಾತಾಡ್ಲಿ. ಇಕ್ಕಟ್ಟಿನ ಮೀನು, ಕೊಯ್ಯದೆ, ಇಡಿಯಾಗಿ ವಿಮಾನಕ್ಕೆ ತಂದ್ಕೊಡು" ಅಂದ್ಳು.

ತಂದ. ತರೋದೇನು ಕಷ್ಟ? ಆದ್ರೆ ದೋಣಿಕಟ್ಟೆಯಿಂದ ವಿಮಾನದ ಬಯಲಿಗೆ ಹೋಗೋ ದಾರಿ ಮನೆಗಳ ಮಧ್ಯೆ. ಯಾರೂ ಮೀನು ಕೇಳ್ಲಿಲ್ಲ. ನಮ್ಮಲ್ಲಿ ಕೇಳೋ ಪದ್ಧತಿ ಇಲ್ಲ, ಕೊಡೋದಷ್ಟೇ. ಮೀನು ಹಿಡ್ಕೊಂಡು ಮುದುಕರ ಬಾಗ್ಲು ದಾಟಿ ಹೋಗೋಕೆ ಕಾಲು ಬರಲ್ಲ. ಮೊದಲ ಮನೆ ವಿಧವೆ ಸೆಲೆಸ್ತೀನಳದು, ಅವಳಿಗೊಂದು. ಆಮೇಲೆ ಕಾಲುನೋವಿನ ಮೋಯಿಸ್, ಅವನಿಗೊಂದು. ಹಿಂಗೇ ಬಯಲು ಮುಟ್ಟೋ ಹೊತ್ತಿಗೆ ಪೆಟ್ಟಿಗೇಲಿ ಉಳಿದಿದ್ದು ಮಂಜುಗಡ್ಡೆ, ಜೊತೆಗೊಂದು ತಲೆ.

ಪ್ರಯೋಗಾಲಯದಿಂದ ಬಂದಿದ್ದ ಫಿಯೋನಾ ಪೆಟ್ಟಿಗೆ ಇಣುಕಿ, "ಇಡೀ ಮೀನು ಬೇಕಿತ್ತು, ಅಜ್ಜ" ಅಂದ್ಳು.

"ಇಡಿಯಾಗೇ ಇದೆ ಕಣಮ್ಮ. ಊರಲ್ಲಿದೆ."

ರೋಸಲೀಗೆ ಮೈಯೆಲ್ಲಾ ಉರೀತು. "ಊರಿನ ಹೊಟ್ಟೆಗಳನ್ನ ಪರೀಕ್ಷೆಗೆ ಕಳಿಸ್ಲಾ ಈಗ?"

"ಕಳಿಸೋದಾದ್ರೆ ನಿಂದನ್ನೂ ಕಳ್ಸು. ಬಾಲ ನಿಮ್ಮತ್ತೆಗೆ ಕೊಟ್ಟೆ, ನೀನೂ ನೆಕ್ಕಿರ್ತೀಯ."

ನಗು ಮುಗಿದ ಮೇಲೆ ಆಂಬ್ರೋಸ್ ಲೆಕ್ಕ ಹಾಕಿದ. ಕೆರೆ ಹೆಪ್ಪುಗಟ್ಟೋಕೆ ಮುಂಚೆ ಇನ್ನೊಂದೇ ವಿಮಾನ. ಅದೂ ತಪ್ಪಿದ್ರೆ ವಿಚಾರಣೇಲಿ ಇರೋದು ಗಣಿಯವರ ಕಾಗದ ಒಂದೇ, ಆಲ್ಫೊನ್ಸೀನ್ ಬಲೆ ಜಾಗಕ್ಕೆ ಕೊಳವೆ. ಕಾಡಿನ ಹಿಂದಿನ ದಾರೀಲಿ ಹೋದ್ರೆ ಯಾರ ಬಾಗ್ಲೂ ಸಿಗಲ್ಲ, ಹೌದು. ಆದ್ರೆ ಮೀನು ಬಚ್ಚಿಟ್ಕೊಂಡು ಹೋದೋನ ಬಲೆಗೆ ಮತ್ತೆ ಮೀನು ಬೀಳಲ್ಲ ಅಂತ ಆಲ್ಫೊನ್ಸೀನೇ ಹೇಳ್ತಿದ್ಲು.

ವಿಮಾನದ ದಿನ ಬೆಳಿಗ್ಗೆ ಬಲೆ ಎಳೆದ. ಬೆರಳು ಮರಗಟ್ಟಿದ್ವು. ಚಪ್ಪಟೆ ಕಲ್ಲು ಮೇಲೆ ಬಂದಾಗ ಅದನ್ನ ಮಡಿಲಲ್ಲಿಟ್ಕೊಂಡು ಸುಮಾರು ಹೊತ್ತು ಕೂತಿದ್ದ. ಆಮೇಲೆ ಸೀದಾ ಹೋಗಿ ಮೀನನ್ನ ಪೆಟ್ಟಿಗೆ ಸಮೇತ ಸೆಲೆಸ್ತೀನಳ ಹೊಸ್ತಿಲಲ್ಲಿಟ್ಟ.

"ಏನೋ, ಇವತ್ತು ಪೆಟ್ಟಿಗೇನೇ ತಂದ್ಬಿಟ್ಟೆ? ಸಾಯೋಕೆ ಹೊರಟಿದ್ದೀಯಾ?"

"ಎಲ್ಲಾ ನಿಂದೇ, ಅಕ್ಕ."

ನಮ್ಮಲ್ಲಿ ವಿಧವೆಗೆ ಕೊಟ್ಟ ಮೀನಿಗೆ ಮುಂದೆ ಹಂಚಿಕೆ ಇಲ್ಲ. ಅವಳು ಅದನ್ನ ಹಿಡ್ಕೊಂಡು ಯಾರ ಬಾಗ್ಲು ದಾಟಿದ್ರೂ ತಪ್ಪಿಲ್ಲ. ಆದ್ರೆ ಕೊಟ್ಟಿದ್ದನ್ನ ವಾಪಸ್ ಕೇಳೋ ಹಾಗೂ ಇಲ್ವಲ್ಲ. ಆಂಬ್ರೋಸ್ ಸುಮ್ನೆ ನಿಂತ. ಬಾಯಿ ಮುಚ್ಚಿ ನಿಂತಿದ್ದನ್ನ ಊರು ಕಂಡಿದ್ದು ಅವತ್ತೇ.

ಸೆಲೆಸ್ತೀನ್ ಆಕಾಶ ನೋಡಿದ್ಳು. "ವಿಮಾನ ಬರೋ ಹೊತ್ತಾಯ್ತೇನೋ."

"ಆಯ್ತೇನೋ."

"ಆ ಪರೀಕ್ಷೆ ಹುಡುಗಿ ಸಣಕಲು. ಉಂಡ ಹಾಗೇ ಕಾಣಲ್ಲ."

"ಹೌದಕ್ಕ."

"ಇಷ್ಟು ಬುದ್ಧಿ ನಿಂದಲ್ಲ. ಆಲ್ಫೊನ್ಸೀನ್ ಕನಸಲ್ಲಿ ಬಂದಿದ್ಲಾ?"

"ಕನಸಲ್ಲಲ್ಲ. ಬಲೆ ಎಳೀವಾಗ."

ಸೆಲೆಸ್ತೀನ್ ತಲೆವಸ್ತ್ರ ಬಿಗಿದು, ಪೆಟ್ಟಿಗೆ ಹಗ್ಗ ಹಿಡ್ಕೊಂಡು ಹೊರಟಳು. ಕಿಟಕಿ ಕಿಟಕೀಲಿ ಮುಖ. ಮೋಯಿಸ್ ಕುಂಟ್ಕೊಂಡು ಬಂದು ದಾರಿಯ ಗುಂಡಿ ಹತ್ರ ಪೆಟ್ಟಿಗೆ ಎತ್ತಿಕೊಟ್ಟ. ಬಯಲಲ್ಲಿ ಸೆಲೆಸ್ತೀನ್ ಹಗ್ಗಾನ ಫಿಯೋನಾ ಕೈಗಿಟ್ಟು ಹೇಳಿದ್ಳು: "ನನ್ನ ಮೀನು. ನಿಂಗೆ ಕೊಟ್ಟೆ. ನೀನೂ ಹಂಚ್ಕೊಂಡು ಹೋಗ್ಬೇಡ."

ಪರೀಕ್ಷೇಲಿ ಮೀನು ಚೊಕ್ಕಟವಾಗಿತ್ತು. ಇವತ್ತು ಹೀಗಿದೆ ಅಂತ ಗೊತ್ತಿದ್ರೆ ತಾನೆ ನಾಳೆ ಕೆಟ್ಟಿದ್ದು ಗೊತ್ತಾಗೋದು? ವಿಚಾರಣೇಲಿ ಮಂಡಳಿಯವರು ಎಲ್ಲಾ ಕೇಳಿ, ಇಕ್ಕಟ್ಟಿಗೆ ಕೊಳವೆ ಬೇಡ ಅಂದ್ರು. ಪ್ರತಿ ವರ್ಷ ಹಿಮಕ್ಕೆ ಮುಂಚೆ ಊರೋರೇ ಮೀನು ಕಳಿಸ್ಬೇಕು, ಖರ್ಚು ಮಂಡಳೀದು ಅಂತಲೂ ಬರೆಸಿದ್ರು. ಹಿಡ್ದೋರು ಯಾರು ಅಂತ ಅಧ್ಯಕ್ಷರು ಕೇಳಿದಾಗ ಆಂಬ್ರೋಸ್ ಎದ್ದು, "ಹೆಂಡ್ತಿ" ಅಂದ. ದುಭಾಷಿ ಹಾಗೇ ತಿಳಿಸಿದ್ಳು, ಅವರು ಹಾಗೇ ಬರ್ಕೊಂಡ್ರು.

ಈಗ ಆಂಬ್ರೋಸ್ ಇಲ್ಲ, ಸೆಲೆಸ್ತೀನೂ ಇಲ್ಲ. ಬಿಷಪ್ಪ ಸ್ವರ್ಗದ ಬಾಗಿಲಲ್ಲಿ ಮಲಗಿರುತ್ತೆ, ಜಪ ಹೇಳದೆ ಯಾರನ್ನೂ ಒಳಗೆ ಬಿಡಲ್ಲ. ಈಗ ರೋಸಲೀನೂ ವಿಧವೆ, ಪೆಟ್ಟಿಗೆ ಎಳೆಯೋಳು ಅವಳೇ, ದಾರಿಯುದ್ದಕ್ಕೂ ಆಂಬ್ರೋಸನ್ನ ಬೈಕೊಂಡು. ಬಲೆಗೆ ಕಟ್ಟೋದು ಇವತ್ತಿಗೂ ಆ ಚಪ್ಪಟೆ ಕಲ್ಲನ್ನೇ.