ಪೈಪಿನ ಟೋಪಿ ಮತ್ತು ಮೊದಲ ನೀರು

ಈ ಸಲ ಯುಗಾದಿಗೆ ಬೆಸಗರಹಳ್ಳಿಯ ಅತ್ತೆ ಮನೆಗೆ ಹೋಗಿ ಬ್ಯಾಗು ಇಳಿಸುವಷ್ಟರಲ್ಲಿ, ಬಚ್ಚಲುಮನೆಯ ಹಿಂದೆ ಅದು ಬಿದ್ದಿರುವುದು ಕಂಡಿತು. ಗ್ಯಾಸ್ ಗೀಸರಿನ ಹೊಗೆ ಪೈಪಿನ ಟೋಪಿ. ಹಿಂದಿನ ದಿನದ ಗಾಳಿಗೆ ಕಿತ್ತುಕೊಂಡು ಬಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೋರಲು ಬಿದ್ದಿತ್ತು. ಮೇಲಿನ ಬೆಳ್ಳಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಒಳಗೆ ಹನ್ನೆರಡು ವರ್ಷದ ಮಸಿ, ಅಂಚಿನಲ್ಲೊಂದು ಕಣಜದ ಗೂಡು. ಎತ್ತಿಕೊಂಡೆ. ಆ ಮಸಿಯ ವಾಸನೆ, ಬಚ್ಚಲ ಕಿಟಕಿಯಿಂದ ಬರುತ್ತಿದ್ದ ಸೀಗೆಪುಡಿ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು... ನಮ್ಮ ಷಡ್ಡಕ ಬಂದು ಎದುರಿಗೆ ನಿಂತ ಹಾಗಾಯಿತು. ಅವನು ತೀರಿಹೋಗಿ ಎರಡು ವರ್ಷ ಆಗುತ್ತಾ ಬಂತು; ಹೋದ ವರ್ಷ ಯುಗಾದಿ ಮಾಡಿರಲಿಲ್ಲ.

ನನ್ನ ಹೆಂಡತಿಯ ಅಕ್ಕನ ಗಂಡ. ಹೊಳಲಿನವನು. ಕಬ್ಬಿನ ಗದ್ದೆ, ಒಂದು ಆಲೆಮನೆ. ನನಗಿಂತ ಆರೇಳು ವರ್ಷ ದೊಡ್ಡವನು. ಎದುರಿಗೆ 'ಅಣ್ಣ' ಅನ್ನುತ್ತಿದ್ದೆ, ಹೊಟ್ಟೆಯೊಳಗೆ 'ಅವನು' ಅನ್ನುತ್ತಿದ್ದೆ. ಈಗಲೂ ಅವನು ಅಂತಲೇ ಬರೆಯುತ್ತೇನೆ, ಸುಳ್ಳು ಮರ್ಯಾದೆ ಯಾಕೆ? ಅವನು ಬಾಗಿಲಲ್ಲಿ ಕಾಲಿಟ್ಟರೆ ಸಾಕು, ನಮ್ಮತ್ತೆ ಕೈಗೊಂದು ಕಾಲಿಗೊಂದು ಕೆಲಸ ಮಾಡೋರು. ನಾನು ಹೋದರೆ "ಬಂದ್ರಾ, ಕೂತ್ಕಳಿ", ಮುಗಿಯಿತು. ಮಾವ ತೀರಿಕೊಂಡ ಮೇಲಂತೂ ಆ ಮನೆಯಲ್ಲಿ ಅವನನ್ನು ಕೇಳದೆ ಒಂದು ಎಮ್ಮೆಯನ್ನೂ ಮಾರುತ್ತಿರಲಿಲ್ಲ. ಬಚ್ಚಲುಮನೆಗೆ ತಾರಸಿ ಹಾಕಿಸಿದ್ದೂ ಅವನೇ, ಎರಡು ದಿನ ನಿಂತು. "ದೊಡ್ಡ ಅಳಿಯಂದ್ರು ಆಕ್ಸಿದ್ ತಾರ್ಸಿ ಕಣಮ್ಮ" ಅಂತ ಅತ್ತೆ ಹಾಲು ಹಾಕಿಸಿಕೊಳ್ಳೋಕೆ ಬಂದವರಿಗೂ ತೋರಿಸೋರು.

ಇದೆಲ್ಲ ಹೇಗೋ ತಡೆದುಕೊಂಡಿದ್ದೆ. ತಡೆಯಲಾಗದೆ ಇದ್ದದ್ದು ಎರಡೇ. ಒಂದು, ಅವನ ಗಂಗಳ. ಮದುವೆಯಲ್ಲಿ ಅತ್ತೆ ಮಾವ ಕೊಟ್ಟ ಅಗಲವಾದ ಸ್ಟೀಲ್ ತಟ್ಟೆ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಅದರಲ್ಲಿ ಎರಡು ಮುದ್ದೆ ಇಟ್ಟು, ಮೇಲೆ ಬಾಡಿನ ಸಾರು ಹೊಳೆ ಹರಿದ ಹಾಗೆ ಬಿಡೋರು. ನನಗೆ ಮನೆಯವರ ಮಾಮೂಲಿ ತಟ್ಟೆ. ನಮ್ಮ ಮದುವೆ ಹೊತ್ತಿಗೆ ಗಂಗಳ ಕೊಡೋದು ಅವರಿಗೆ ಮರೆತುಹೋಗಿತ್ತಂತೆ!

ಎರಡನೆಯದು ಮೊದಲ ನೀರು. ಯುಗಾದಿ ಬೆಳಿಗ್ಗೆ ಇಬ್ಬರು ಅಳಿಯಂದಿರಿಗೂ ಹರಳೆಣ್ಣೆ ಹಚ್ಚಿ ಕೂರಿಸೋರು. ಹಂಡೆ ಕಾದ ಮೇಲೆ ಮೊದಲು ಅವನು ಒಳಗೆ ಹೋಗಬೇಕು. ನಾನು ಟವೆಲ್ ಸುತ್ತಿಕೊಂಡು ಹೊರಗೆ, ಕಣ್ಣಿಗೆ ಎಣ್ಣೆ ಇಳಿಸಿಕೊಂಡು. ಒಳಗಿಂದ ಅವನ ಕೂಗು: "ಇನ್ನೆರಡೇ ಚೊಂಬು ಕಣ್ಲಾ!" ಆಮೇಲೆ ಇಪ್ಪತ್ತು ಚೊಂಬು ಹುಯ್ದುಕೊಳ್ಳೋನು. ನನ್ನ ಪಾಳಿ ಬರೋ ಹೊತ್ತಿಗೆ ಹಂಡೆಯ ತಳದಲ್ಲಿ ಉಗುರುಬೆಚ್ಚನೆ ನೀರು, ಬಚ್ಚಲ ತುಂಬ ಹೊಗೆ. ನಗಬೇಡಿ. ನಾಲ್ಕು ಜನರೆದುರು ಎರಡನೆಯವನಾಗಿ ಮೀಯೋ ಸಂಕಟ ಮಿಂದವನಿಗೇ ಗೊತ್ತು.

ಮಳವಳ್ಳಿಯಲ್ಲಿ ನನ್ನದು ಸ್ಟೌವ್, ಗೀಸರ್ ರಿಪೇರಿ ಅಂಗಡಿ. ಹನ್ನೆರಡು ವರ್ಷದ ಹಿಂದೆ ಯುಗಾದಿಯ ಹಿಂದಿನ ದಿನ ಒಂದು ಗ್ಯಾಸ್ ಗೀಸರ್ ಹೊತ್ತುಕೊಂಡು ಹೋದೆ. ಅತ್ತೆ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳೋದು ನೋಡೋಕಾಗಲ್ಲ ಅಂತ ಎಲ್ಲರ ಹತ್ತಿರ ಹೇಳಿದೆ. ನಿಜ ಹೇಳಬೇಕಂದರೆ, ನಲ್ಲಿ ತಿರುಗಿಸಿದರೆ ಎಷ್ಟು ಬೇಕೋ ಅಷ್ಟು ಬಿಸಿನೀರು ಬಂದುಬಿಟ್ಟರೆ ಮೊದಲ ನೀರೂ ಇಲ್ಲ, ಎರಡನೇ ನೀರೂ ಇಲ್ಲ ಅನ್ನೋದು ನನ್ನ ಲೆಕ್ಕ. ಆ ಮನೆಯಲ್ಲಿ 'ಚಿಕ್ಕ ಅಳಿಯಂದ್ರು ಆಕ್ಸಿದ್ದು' ಅನ್ನೋ ವಸ್ತು ಒಂದಾದರೂ ಇರಲಿ ಅನ್ನೋ ಆಸೆಯೂ ಇತ್ತು.

ಗೋಡೆಗೆ ಗೀಸರ್ ಕೂರಿಸಿ, ಪೈಪು ಕೈಗೆ ತೆಗೆದುಕೊಂಡಿದ್ದೆ. ಬಾಗಿಲಿಗೆ ಒರಗಿ ನೋಡುತ್ತಿದ್ದ ಅವನು ಬಾಯಿ ಹಾಕಿದ.

"ಲೇ, ನೇರಕ್ಕೆ ಮೇಲಕ್ಕೆ ಬುಡ್ಲಾ ಪೈಪ. ತಾರ್ಸಿ ತೂತಾದ್ರೆ ಆಗ್ಲಿ. ಆಲೆಮನೇಲಿ ನೋಡಿವ್ನಿ, ಒಗೆ ಅಡ್ಡಡ್ಡ ಓಗು ಅಂದ್ರೆ ಓಗಕಿಲ್ಲ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಕಸುಬು, ನನಗೆ ಗೊತ್ತಿರಲಿಲ್ಲವೇ? ಅಲ್ಲಿವರೆಗೆ ಎಷ್ಟೋ ಮನೆಗಳಲ್ಲಿ ನೇರಕ್ಕೇ ಬಿಟ್ಟಿದ್ದೆ. ಇಲ್ಲೂ ಹಾಗೇ ಬಿಡಬೇಕು ಅಂತಲೇ ಚಾಣ, ಸುತ್ತಿಗೆ ತಂದಿದ್ದೆ. ಅವನು ಆ ಮಾತು ಆಡದೇ ಇದ್ದಿದ್ದರೆ ನೇರಕ್ಕೇ ಬಿಡುತ್ತಿದ್ದೆ. ಆಡಿಬಿಟ್ಟನಲ್ಲ! ನಾಳೆ ಪೈಪೂ 'ದೊಡ್ಡ ಅಳಿಯಂದ್ರು ಹೇಳಿ ಆಕ್ಸಿದ್ದು' ಆಗುತ್ತೆ. "ಇದು ಆಲೆಮನೆ ಅಲ್ಲಣ್ಣ, ಗೀಸರು. ನೀನು ಆಚೆ ಕೂತ್ಕೋ" ಅಂದವನೇ, ಒಂದು ಬೆಂಡು ಹಾಕಿ, ಪೈಪನ್ನು ಮಟ್ಟಸವಾಗಿ ಮಲಗಿಸಿ, ಗೋಡೆಯ ಗಾಳಿಕಿಂಡಿಯಿಂದ ಆಚೆ ತುದಿ ಮಾತ್ರ ಕಾಣೋ ಹಾಗೆ ಬಿಟ್ಟೆ. ಗಾಳಿ ಎದುರಿಗೆ ಬೀಸಿದರೆ ಗ್ಯಾಸಿನ ಹೊಗೆ ವಾಪಸ್ಸು ಒಳಗೇ ಬರುತ್ತೆ, ಅದಕ್ಕೆ ವಾಸನೆಯೂ ಇರಲ್ಲ, ಉಸಿರಾಡಿದವರು ಹಾಗೇ ಪ್ರಜ್ಞೆ ತಪ್ಪುತ್ತಾರೆ ಅನ್ನೋದು ನನಗೆ ಗೊತ್ತಿತ್ತು. ಅವನು ಮೀಸೆ ತಿರುವಿಕೊಂಡು ಹೊರಟುಹೋದ.

ಮಾರನೇ ದಿನ ಬೆಳಿಗ್ಗೆ ಅತ್ತೆ ಏನಂದರು ಗೊತ್ತಾ? "ವಸಾ ಮಿಸನ್ನು, ದೊಡ್ಡ ಅಳಿಯಂದ್ರು ಮೊದ್ಲು ಓಗ್ಲಿ!" ನಾನು ಹೊತ್ತು ತಂದ ಗೀಸರಿನಲ್ಲೂ ಮೊದಲ ನೀರು ಅವನಿಗೇ. ಉರಿದುಹೋಯಿತು ನನಗೆ.

ನಾವೆಲ್ಲ ಬಾಗಿಲು ಓರೆ ಮಾಡಿಕೊಂಡು ಗಡಿಬಿಡಿಯಲ್ಲಿ ಮಿಂದು ಬಂದೆವು. ಕೊನೆಗೆ ಅತ್ತೆ. ತಲೆಗೆ ಹುಯ್ದುಕೊಳ್ಳಬೇಕು ಅಂತ ಕಿಟಕಿ ಮುಚ್ಚಿ, ಅಗುಳಿ ಹಾಕಿಕೊಂಡರು. ನಾನು ಜಗಲಿಯ ಮೇಲೆ ಬೇವು ಬೆಲ್ಲ ತಿನ್ನುತ್ತಿದ್ದೆ. ಷಡ್ಡಕ ಹೊಸ ಪಂಚೆ ಉಟ್ಟು ನಿಂತಿದ್ದವನು, ಇದ್ದಕ್ಕಿದ್ದ ಹಾಗೆ ಕಿವಿಗೊಟ್ಟ.

"ನೀರು ಬೀಳ್ತಾನೇ ಐತೆ. ಚೊಂಬಿನ ಸದ್ದಿಲ್ವಲ್ಲ?"

ನನ್ನ ಬಾಯಲ್ಲಿದ್ದ ಬೇವು ಅಲ್ಲೇ ಉಳಿಯಿತು. ಏನಾಗಿದೆ ಅಂತ ಆ ಕ್ಷಣಕ್ಕೇ ನನಗೆ ತಿಳಿಯಿತು, ಆದರೆ ಕೂತಲ್ಲೇ ಕೂತಿದ್ದೆ. ಅವನು ಓಡಿದ. ಒಂದೇ ಒದೆಗೆ ಅಗುಳಿ ಕಿತ್ತುಬಂತು. ತಕ್ಷಣ ಮುಖ ಗೋಡೆಗೆ ತಿರುಗಿಸಿಕೊಂಡು, "ಬನ್ರಮ್ಮೀ, ಅತ್ತೇನ ಈಚೆಗೆ ಎಳ್ಕಳಿ!" ಅಂತ ಹೆಂಗಸರನ್ನು ಕೂಗಿದ. ಆ ಗಡಿಬಿಡಿಯಲ್ಲೂ ಅತ್ತೆಯ ಮಾನ ನೆನಪಿತ್ತು ಅವನಿಗೆ. ಆಮೇಲೆ ಹಿತ್ತಲಿಗೆ ಬಂದು ಸಿಲಿಂಡರ್ ಬಂದ್ ಮಾಡಿದ. ನನ್ನ ಹೆಂಡತಿ, ಅವಳಕ್ಕ ಸೇರಿ ಸೀರೆ ಸುತ್ತಿ ಅತ್ತೆಯನ್ನು ಗಾಳಿಗೆ ತಂದು ಮಲಗಿಸಿದರು. ಕಣ್ಣು ಬಿಡೋಕೆ ಎಷ್ಟು ಹೊತ್ತಾಯಿತೋ... ನನಗಂತೂ ಒಂದು ಜನ್ಮ. ಮದ್ದೂರಿಗೆ ಕರೆದುಕೊಂಡು ಹೋದೆವು. ಗೀಸರಿನ ವಿಷಯ ಅವನು ಡಾಕ್ಟರಿಗೆ ಮಾತ್ರ ಹೇಳಿದ. ಸಂಜೆಗೆ ಅತ್ತೆ ಎದ್ದು ಕೂತು ಕಾಫಿ ಕೇಳಿದರು.

ಊರವರೆಲ್ಲ ಬಂದು ವಿಚಾರಿಸಿದಾಗ ಅವನು, "ಬರೀ ಒಟ್ಟೇಲಿ ಮೀಯಕೆ ಓಗವ್ರೆ, ತಲೆ ಸುತ್ತೈತೆ" ಅಂದುಬಿಟ್ಟ. ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದ. ಎರಡು ಬಾರಿಸುತ್ತಾನೆ ಅಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು.

"ಬಾಯ್ಬುಡಬ್ಯಾಡ. ಮಾತು ಆಚೆಗೋದ್ರೆ ನಿನ್ನ ಅಂಗ್ಡಿಗೆ ಯಾರ್ಲಾ ಬತ್ತಾರೆ? ನಾಳೆ ಪೈಪು ಸರಿ ಮಾಡವ."

ಮಾರನೇ ದಿನ ಹೊಸತೊಡಕು. ಒಳಗೆ ಬಾಡು ಬೇಯುತ್ತಿತ್ತು. ಅವನು ತಾರಸಿ ಹತ್ತಿದ, ನಾನು ಬಚ್ಚಲಲ್ಲಿ ಗೀಸರಿನ ನೆತ್ತಿಗೆ ಸರಿಯಾಗಿ ಗುರುತು ಮಾಡಿ, ಕೆಳಗಿಂದ ಸುತ್ತಿಗೆಯಲ್ಲಿ ಕುಟ್ಟಿ ಜಾಗ ತೋರಿಸಿಕೊಟ್ಟೆ. ತಾನೇ ನಿಂತು ಹಾಕಿಸಿದ್ದ ತಾರಸಿಯನ್ನು ತಾನೇ ಚಾಣ ಹಿಡಿದು ಒಡೆದ. ತೂತಿನಿಂದ ದಾರ ಕಟ್ಟಿದ ತೂಗುಗುಂಡು ಇಳಿಬಿಟ್ಟು "ಸರಿಗೈತಾ?" ಅಂತ ಕೂಗೋನು, ನಾನು "ಒಂದು ಬೆರಳು ಕೊಟ್ಟಿಗೆ ಕಡೆ" ಅನ್ನುತ್ತಿದ್ದೆ. ಪೈಪು ನೆಟ್ಟಗೆ ನಿಂತಿತು. ಸುತ್ತ ಸಿಮೆಂಟು ಕಟ್ಟಿ, ಕೆಳಗೆ ಊದುಬತ್ತಿ ಹಚ್ಚಿ ಹಿಡಿದೆವು. ಹೊಗೆ ಅತ್ತಿತ್ತ ನೋಡದೆ ಪೈಪಿನೊಳಗೆ ಹೋಯಿತು. "ನೋಡ್ಲಾ, ಎಂಗೆ ಓಯ್ತದೆ!" ಅಂತ ನಕ್ಕ. ಮಳೆ ನೀರು ಇಳಿಯದ ಹಾಗೆ ಟೋಪಿ ಬೇಕಲ್ಲ, ಅದನ್ನು ತಾನೇ ಮಾಡಿಸಿಕೊಂಡು ಬರುತ್ತೇನೆ ಅಂದ. ಮುಂದಿನ ವಾರ ತಂದು ಕೂರಿಸಿದನಂತೆ, ನಾನು ಇರಲಿಲ್ಲ.

ಅವತ್ತು ಅವನ ಕಾಲು ಹಿಡಿಯಬೇಕಿತ್ತು ನಾನು. ಹಿಡಿಯಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಯಿತು. ಅತ್ತೆಯನ್ನು ಉಳಿಸಿದವನೂ ಅವನೇ, ನನ್ನ ಮರ್ಯಾದೆ ಉಳಿಸಿದವನೂ ಅವನೇ. ಎಲ್ಲದರಲ್ಲೂ ಅವನೇ ಮೊದಲು ಅಂದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಅದರ ಮುಂದಿನ ಹಬ್ಬಕ್ಕೆ ಅವನ ಗಂಗಳ ಕಳೆದುಹೋಗಿತ್ತು. ಅತ್ತೆ ಅಟ್ಟ, ಕೊಟ್ಟಿಗೆ ಎಲ್ಲ ಜಾಲಾಡಿ, "ಯಾವ ಮೂದೇವಿ ಎತ್ಕಂಡೋದ್ಳೋ" ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದರು. ಅವನು, "ಓಗ್ಲಿ ಬುಡತ್ತೆ, ಇವ್ನಿಗಾಕೋ ತಟ್ಟೇಲೇ ನಂಗೂ ಆಕು" ಅಂದ. ನನಗೆ ಒಳಗೊಳಗೇ ಎಂಥ ಖುಷಿ ಅಂತೀರಿ! ಆ ದಿನ ಒಂದು ಮುದ್ದೆ ಜಾಸ್ತಿ ತಿಂದೆ.

ನಾನಂತೂ ಅಂದಿನಿಂದ ನೇರ ಪೈಪು ಇಲ್ಲದೆ ಒಂದು ಗೀಸರನ್ನೂ ಕೂರಿಸಲಿಲ್ಲ. ತಾರಸಿ ಒಡೆಯಬೇಡಿ ಅಂತ ಜಗಳ ಆಡಿದವರನ್ನು ಹಾಗೇ ವಾಪಸ್ಸು ಕಳಿಸಿದ್ದೇನೆ. ಆ ಮೇಸ್ತ್ರಿ ಕೆಲಸ ಕಟ್ಟುನಿಟ್ಟು ಅಂತ ಮಳವಳ್ಳಿಯಲ್ಲಿ ಹೆಸರೂ ಬಂತು. ಎದೆ ನೋವು ಅಂತ ಅವನು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪೈಪಿನ ವಿಷಯ ಇವತ್ತು ಹೇಳಿಬಿಡಬೇಕು ಅಂತಲೇ ಬಸ್ಸು ಹತ್ತಿದೆ. "ಅಣ್ಣಾ..." ಅಂದೆ. "ಏನ್ಲಾ?" ಅಂದ. "ಏನಿಲ್ಲ, ಕಬ್ಬು ಕಡಿದಾಯ್ತಾ" ಅಂದೆ. ಅದೇ ಕೊನೆ ಮಾತು... ಕಬ್ಬು.

ಈ ಸಲ ಬಿದ್ದಿದ್ದ ಟೋಪಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹುಣಸೆಹಣ್ಣು ಹಾಕಿ ಉಜ್ಜಿದೆ. ಯಾವುದೋ ಹಳೇ ತಟ್ಟೆ, ಅಂಚು ಕತ್ತರಿಸಿ, ನಡುವೆ ಬಡಿದು ಎತ್ತರಿಸಿ, ಮೂರು ಕಾಲು ಕೂರಿಸಿದ್ದರು. ಒಳಗಿನ ಮಸಿ ಬಿಟ್ಟ ಹಾಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕಂಡವು. ಮೊದಲು ಅವನ ಹೆಸರು. ಕೆಳಗೆ, 'ಅತ್ತೆ ಮಾವನ ಕಾಣಿಕೆ'.

ಗಂಗಳ ಯಾರೂ ಕದ್ದಿರಲಿಲ್ಲ, ಅವನೇ ಕತ್ತರಿಸಿ ಟೋಪಿ ಮಾಡಿಸಿದ್ದ. ನಾನು ಊಟಕ್ಕೆ ಕೂತಾಗ ಆ ತಟ್ಟೆಯನ್ನು ಹೇಗೆ ನೋಡುತ್ತಿದ್ದೆ ಅನ್ನೋದು ಅವನಿಗೆ ಗೊತ್ತಿತ್ತು.

ಹಾಗೇ ತೆಗೆದುಕೊಂಡು ಹೋಗಿ ಅತ್ತೆಯ ಮಡಿಲಲ್ಲಿಟ್ಟೆ. ಅವತ್ತು ಪೈಪು ಅಡ್ಡ ಹಾಕಿದ್ದು ಬೇಕಂತಲೇ ಅಂತ ಹೇಳಿಬಿಟ್ಟೆ. ಅತ್ತೆ ಅಕ್ಷರದ ಮೇಲೆ ಬೆರಳಾಡಿಸಿದರು.

"ಇದ್ನೇಳಕೆ ಇಷ್ಟು ವರ್ಸ ಬೇಕಾಯ್ತಾ ನಿಮ್ಗೆ? ಅವ್ರಿದ್ದಾಗ ಏಳ್ಬೇಕಿತ್ತು" ಅಂದರು. ಸೆರಗಿನಿಂದ ಮೂಗು ಒರೆಸಿಕೊಂಡರು. "ಓಗಿ, ಇದ್ನ ಇದ್ದಲ್ಲೇ ಆಕಿ. ಆಮೇಲೆ ಎಣ್ಣೆ ಅಚ್ಕಂಡು ಮೊದ್ಲು ನೀವೋಗಿ ನೀರಿಗೆ. ಇನ್ಯಾರವ್ರೆ."

ತಾರಸಿ ಹತ್ತಿ ಟೋಪಿಯನ್ನು ಹೆಸರು ಒಳಗಡೆ ಬರೋ ಹಾಗೆ ಮತ್ತೆ ಕೂರಿಸಿ, ತಂತಿ ಬಿಗಿದೆ. ಇಳಿದು ಬಂದು ಬಚ್ಚಲಿಗೆ ಹೋದೆ. ಇಷ್ಟು ವರ್ಷ ಬೇಕು ಬೇಕು ಅಂದಿದ್ದ ಮೊದಲ ನೀರು. ಹಬೆಯಾಡುತ್ತಾ ಬಿತ್ತು, ಎಷ್ಟು ಬೇಕೋ ಅಷ್ಟು. ನಾಲ್ಕು ಚೊಂಬು ಹುಯ್ದುಕೊಂಡೆನೋ ಏನೋ, "ಇನ್ನೆರಡೇ ಚೊಂಬು ಕಣಣ್ಣ!" ಅಂತ ಜೋರಾಗಿ ಕೂಗಿಬಿಟ್ಟೆ.

ಬಾಗಿಲಾಚೆ ಎಣ್ಣೆ ಹಚ್ಚಿಕೊಂಡು ಯಾರೂ ನಿಂತಿರಲಿಲ್ಲ.